ಹೊಸ ಯಂತ್ರಕ್ಕಾಗಿ ಸಾಲಿನಲ್ಲಿ ನಿಲ್ಲುವುದು ಲಾಭವೆ?

ಹೊಸ ವಸ್ತುವನ್ನು ಕಂಡಾಗ ಮನುಷ್ಯನಿಗೆ ಆಸೆ ಹುಟ್ಟುವುದು ಸಹಜವಾದುದು. ಆ ಆಸೆಯನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ಆದರೆ ಆಸೆಗೆ ಎಷ್ಟು ಬೆಲೆ ಕೊಡಬೇಕು, ಆ ಬೆಲೆಯಲ್ಲಿ ಹಣವೆಷ್ಟು, ಕಾಲವೆಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡುವುದು ವಿದ್ಯಾವಂತರ ಕರ್ತವ್ಯ. ಆ ಲೆಕ್ಕವನ್ನು ಮಾಡುವ ಬಗೆಯನ್ನು ಈ ಪಾಠದಲ್ಲಿ ವಿಚಾರಿಸೋಣ.

2025ರ ಸೆಪ್ಟೆಂಬರ್ ತಿಂಗಳಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ನಮ್ಮನ್ನು ಕಾಣಲು ಬಂದನು. ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ತಮಿಳನ್ನೂ ಆಡುತ್ತ ಬೆಳೆದ ಈ ಯುವಕನು ಮದುಕ್ಕರೈಯಿಂದ ದಿನವೂ ಕೊಯಮತ್ತೂರಿನ ಒಂದು ಕಾರ್ಖಾನೆಗೆ ಕೆಲಸಕ್ಕೆ ಹೋಗುವವನು. ಆ ತಿಂಗಳ 2ರಂದು ಬೆಂಗಳೂರಿನ ಹೆಬ್ಬಾಳದಲ್ಲಿ ಆಪಲ್ ಸಂಸ್ಥೆಯ ಮಳಿಗೆ ತೆರೆದಿತ್ತು; 19ರಂದು ಐಫೋನ್ 17 ಮಾರಾಟಕ್ಕೆ ಬರುವುದಿತ್ತು. “ಎರಡು ದಿನ ರಜೆ ಹಾಕಿ, ಹಿಂದಿನ ರಾತ್ರಿಯೇ ಹೋಗಿ ಸಾಲಿನಲ್ಲಿ ನಿಲ್ಲಬೇಕೆಂದಿದ್ದೇನೆ. ಇದು ಸರಿಯೆ?” ಎಂದು ಅವನು ಕೇಳಿದನು. ಪ್ರಶ್ನೆ ಒಬ್ಬನದಾದರೂ ಉತ್ತರವು ಅನೇಕರಿಗೆ ಉಪಯೋಗವಾಗಬಹುದೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಒಂದು ಭೇದವನ್ನು ತಿಳಿಯಬೇಕು. ಸಾಲುಗಳಲ್ಲಿ ಎರಡು ವಿಧ. ಒಂದು ಅವಶ್ಯಕತೆಯ ಸಾಲು, ಇನ್ನೊಂದು ಉತ್ಸಾಹದ ಸಾಲು. ನ್ಯಾಯಬೆಲೆ ಅಂಗಡಿಯ ಮುಂದೆ ಅಕ್ಕಿಗಾಗಿ ನಿಲ್ಲುವುದೂ, 2016ರ ನವೆಂಬರ್ 8ರಂದು ದೊಡ್ಡ ನೋಟುಗಳು ರದ್ದಾದ ಮೇಲೆ ಬ್ಯಾಂಕುಗಳ ಮುಂದೆ ಜನರು ನಿಂತುದೂ ಮೊದಲನೆಯ ವಿಧ. ಅಲ್ಲಿ ಲಾಭನಷ್ಟದ ಪ್ರಶ್ನೆಯೇ ಇಲ್ಲ; ನಿಲ್ಲದಿದ್ದರೆ ಒಲೆ ಉರಿಯದು.

ಯಂತ್ರಗಳಿಗಾಗಿಯೂ ನಮ್ಮ ದೇಶದಲ್ಲಿ ಬಹುಕಾಲ ಇಂಥ ಸಾಲಿತ್ತು. ಅದು ಬೀದಿಯಲ್ಲಿ ಕಾಣುತ್ತಿರಲಿಲ್ಲ, ಕಾಗದದ ಮೇಲಿತ್ತು. 1972ರಲ್ಲಿ ಬಂದ ಬಜಾಜ್ ಚೇತಕ್ ಸ್ಕೂಟರಿಗೆ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಮನೆಗೆ ದೂರವಾಣಿ ಬೇಕಾದವರ ಸ್ಥಿತಿಯೂ ಅದೇ. ಇದಕ್ಕೆ ಕಾರಣವೇನು? ಕಾರ್ಖಾನೆಯು ಇಷ್ಟೇ ತಯಾರಿಸಬೇಕೆಂದು ಸರಕಾರದ ಪರವಾನಗಿಯು ಮಿತಿ ಹಾಕಿದ್ದಿತು. ಬೇಡಿಕೆಯಾದರೋ ಆ ಮಿತಿಯನ್ನು ಮೀರಿದ್ದಿತು. 1991ರಲ್ಲಿ ಈ ಕಟ್ಟು ಸಡಿಲವಾದ ಬಳಿಕ ಅಂಥ ಸಾಲುಗಳು ಕ್ರಮೇಣ ಕರಗಿದವು. ಅಂದು ಕಾದವರು ಬೇರೆ ದಾರಿಯಿಲ್ಲದೆ ಕಾದರು. ಇಂದು ಫೋನಿಗಾಗಿ ಕಾಯುವವನಿಗೆ ಬೇರೆ ದಾರಿಯಿದೆ. ಐಫೋನ್ 17ನ್ನು ಮನೆಯಲ್ಲಿ ಕುಳಿತೇ ಮುಂಗಡವಾಗಿ ಕಾದಿರಿಸುವ ಸೌಕರ್ಯವು ಸೆಪ್ಟೆಂಬರ್ 12ರಂದೇ ಆರಂಭವಾಗಿತ್ತು. ಆದುದರಿಂದ ಬೀದಿಯ ಸಾಲು ಉತ್ಸಾಹದ ಸಾಲೇ ಹೊರತು ಅವಶ್ಯಕತೆಯದಲ್ಲ.

ಇನ್ನು ಕಾಲದ ಲೆಕ್ಕ. ಸಾಲನ್ನು ಕುರಿತು ಗಣಿತಶಾಸ್ತ್ರವೇ ಇದೆ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ದೂರವಾಣಿ ಸಂಸ್ಥೆಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞನು 1909ರಲ್ಲಿ ಇದಕ್ಕೆ ಅಡಿಗಲ್ಲು ಹಾಕಿದನು. 1961ರಲ್ಲಿ ಅಮೆರಿಕದ ಜಾನ್ ಲಿಟಲ್ ಎಂಬ ವಿದ್ವಾಂಸನು ಒಂದು ಸರಳ ನಿಯಮಕ್ಕೆ ಪ್ರಮಾಣ ಕೊಟ್ಟನು: ಸಾಲಿನಲ್ಲಿರುವವರ ಸರಾಸರಿ ಸಂಖ್ಯೆಯು, ನಿಮಿಷಕ್ಕೆ ಬಂದು ಸೇರುವವರ ಸಂಖ್ಯೆಯನ್ನು ಒಬ್ಬೊಬ್ಬನು ಕಾಯುವ ಸರಾಸರಿ ಕಾಲದಿಂದ ಗುಣಿಸಿದಷ್ಟಿರುತ್ತದೆ. ಸಾಲು ಬೆಳೆಯದೆ ಕುಗ್ಗದೆ ನಡೆಯುತ್ತಿದ್ದು, ಅದರಲ್ಲಿ 300 ಜನರಿದ್ದು, ನಿಮಿಷಕ್ಕೆ ಇಬ್ಬರು ಬಂದು ಇಬ್ಬರು ಹೊರಡುತ್ತಿದ್ದರೆ, ಒಬ್ಬನು ಕಾಯುವ ಕಾಲ 300ನ್ನು 2ರಿಂದ ಭಾಗಿಸಿದಷ್ಟು, ಎಂದರೆ 150 ನಿಮಿಷ.

ಆದರೆ ಹೊಸ ಫೋನಿನ ಸಾಲಿಗೆ ಒಂದು ವಿಶೇಷವಿದೆ. ರಾತ್ರಿಯೆಲ್ಲ ಬಾಗಿಲು ಮುಚ್ಚಿರುವುದರಿಂದ ಜನರು ಬಂದು ಸೇರುವರೇ ಹೊರತು ಒಬ್ಬರೂ ಹೊರಡರು. ರಾತ್ರಿ ಹತ್ತು ಗಂಟೆಗೆ ಬಂದವನಿಗೆ ಬೆಳಗಿನ ಎಂಟರವರೆಗಿನ ಹತ್ತು ಗಂಟೆಗಳೂ ಕೈಬಿಟ್ಟ ಕಾಲವೇ. ಸಂಜೆ ನಾಲ್ಕಕ್ಕೆ ಬಂದವನೂ ಅದೇ ಫೋನನ್ನು ಅದೇ ಬೆಲೆಗೆ ಕೊಳ್ಳುತ್ತಾನೆ. ಮುಗಿದುಹೋಗಬಹುದೆಂಬ ಭಯ ಸುಳ್ಳಲ್ಲ. ಮೊದಲ ದಿನದ ದಾಸ್ತಾನಿಗೆ ಮಿತಿಯುಂಟು. ಆದರೆ ಕಾರ್ಖಾನೆ ನಿಲ್ಲುವುದಿಲ್ಲ. ಕೋಲಾರ ಜಿಲ್ಲೆಯ ನರಸಾಪುರದಲ್ಲಿಯೂ ನಮ್ಮ ತಮಿಳುನಾಡಿನ ಶ್ರೀಪೆರುಂಬುದೂರಿನಲ್ಲಿಯೂ ಇಂಥ ಫೋನುಗಳನ್ನು ಜೋಡಿಸುತ್ತಾರೆ. ಇಂದು ಸಿಕ್ಕದ್ದು ಕೆಲವು ವಾರಗಳಲ್ಲಿ ಕೊಯಮತ್ತೂರಿನ ಅಂಗಡಿಯಲ್ಲೇ ಸಿಕ್ಕುತ್ತದೆ. ಅದೇ ಸೆಪ್ಟೆಂಬರ್ 19ರ ಬೆಳಗ್ಗೆ ಮುಂಬಯಿಯ ಮಳಿಗೆಯ ಮುಂದಿನ ಸಾಲಿನಲ್ಲಿ ನೂಕುನುಗ್ಗಲಾಗಿ ಕೆಲವರು ಕೈಕೈ ಮಿಲಾಯಿಸಿದರೆಂಬ ಸುದ್ದಿಯನ್ನು ಓದಿದಾಗ ನಮಗೆ ವಿಷಾದವೇ ಆಯಿತು.

ಹಣದ ಲೆಕ್ಕವನ್ನೂ ಮಾಡೋಣ. ನಮ್ಮ ಯುವಕನ ದಿನಗೂಲಿ 800 ರೂಪಾಯಿ ಎಂದಿಟ್ಟುಕೊಳ್ಳೋಣ. ಎರಡು ದಿನದ ಕೂಲಿ 1,600. ಪ್ರಯಾಣಕ್ಕೂ ಊಟಕ್ಕೂ 1,400. ಒಟ್ಟು 3,000 ರೂಪಾಯಿ ಫೋನನ್ನು ಮುಟ್ಟುವ ಮೊದಲೇ ವ್ಯಯವಾಯಿತು. ಐಫೋನ್ 17ರ ಆರಂಭದ ಬೆಲೆ 82,900 ರೂಪಾಯಿ. ಅದನ್ನು 800ರಿಂದ ಭಾಗಿಸಿದರೆ ಸುಮಾರು 104 ದಿನಗಳ ದುಡಿಮೆ. ಕಂತಿನಲ್ಲಿ ಕೊಂಡರೆ ಹಗುರವೆನ್ನಬಹುದು. ಬಡ್ಡಿಯಿಲ್ಲದ ಹನ್ನೆರಡು ಕಂತುಗಳೆಂದರೂ ತಿಂಗಳಿಗೆ 6,900 ರೂಪಾಯಿಗಿಂತ ಹೆಚ್ಚು; ಹನ್ನೆರಡನೆಯ ಕಂತು ತೀರುವ ಹೊತ್ತಿಗೆ ಹೊಸ ಮಾದರಿ ಬಂದು ಇದು ಹಳೆಯದಾಗಿರಬಹುದು.

ಕಾದವನಿಗೆ ದೊರೆಯುವ ಲಾಭವೂ ಕಣ್ಣಿಗೆ ಕಾಣುವಂಥದೇ. 2024ರ ಸೆಪ್ಟೆಂಬರಿನಲ್ಲಿ 79,900 ರೂಪಾಯಿಗೆ ಬಂದ ಐಫೋನ್ 16ರ ಬೆಲೆಯನ್ನು ಮರುವರ್ಷ ಹೊಸ ಮಾದರಿ ಬಂದಾಗ ಸಂಸ್ಥೆಯೇ 69,900ಕ್ಕೆ ಇಳಿಸಿತು. ಅದಕ್ಕೂ ಹಿಂದಿನ ವರ್ಷದ ಐಫೋನ್ 15ಕ್ಕೂ ಹೀಗೆಯೇ ಆಗಿತ್ತು. ಮೊತ್ತಮೊದಲ ಐಫೋನಿನ ಕಥೆ ಇನ್ನೂ ಬೋಧಪ್ರದವಾದುದು. 2007ರ ಜೂನ್ 29ರಂದು ಅಮೆರಿಕದಲ್ಲಿ ಜನರು ಸಾಲುಗಟ್ಟಿ ನಿಂತು 599 ಡಾಲರಿಗೆ ಅದನ್ನು ಕೊಂಡರು. 68 ದಿನಗಳ ಬಳಿಕ, ಸೆಪ್ಟೆಂಬರ್ 5ರಂದು, ಬೆಲೆ 399 ಡಾಲರಿಗೆ ಇಳಿಯಿತು. ಮೊದಲು ಕೊಂಡವರು ಕೋಪಗೊಂಡುದರಿಂದ ಸಂಸ್ಥೆಯು ಅವರಿಗೆ ತನ್ನ ಮಳಿಗೆಯಲ್ಲಿ ಖರ್ಚು ಮಾಡತಕ್ಕ 100 ಡಾಲರುಗಳನ್ನು ಕೊಟ್ಟು ಸಮಾಧಾನಪಡಿಸಿತು. ಉಳಿದ 100 ಡಾಲರು ಆತುರದ ಬೆಲೆ.

ಹೊಸ ಯಂತ್ರದ ದೋಷಗಳನ್ನು ಮೊದಲು ಅನುಭವಿಸುವವರೂ ಮೊದಲು ಕೊಂಡವರೇ. 2016ರ ಆಗಸ್ಟ್ 19ರಂದು ಮಾರಾಟಕ್ಕೆ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಎಂಬ ಫೋನಿನ ಬ್ಯಾಟರಿಗಳು ಹೊತ್ತಿಕೊಂಡುದರಿಂದ, ಸೆಪ್ಟೆಂಬರ್ 2ರಂದು ಅದನ್ನು ಹಿಂದಕ್ಕೆ ಕರೆಯಲಾಯಿತು. ಅಕ್ಟೋಬರಿನಲ್ಲಿ ತಯಾರಿಕೆಯೇ ನಿಂತಿತು. ಎರಡು ತಿಂಗಳು ಕಾದವನಿಗೆ ಈ ಅಪಾಯ ತಟ್ಟಲೇ ಇಲ್ಲ.

ಹಾಗಾದರೆ ಸಾಲಿನಲ್ಲಿ ನಿಲ್ಲುವವರೆಲ್ಲ ಅವಿವೇಕಿಗಳೆ? ಹಾಗೆನ್ನಲಾಗದು. ಸಂಪಾದನೆ ಸಾಕಷ್ಟಿದ್ದು, ಗೆಳೆಯರೊಡನೆ ಕಳೆದ ರಾತ್ರಿಯನ್ನೇ ಹಬ್ಬವೆಂದು ಬಗೆಯುವವನು ತನ್ನ ಸಂತೋಷಕ್ಕೆ ತಾನೇ ಬೆಲೆ ಕೊಡುತ್ತಾನೆ. ಹೊಸ ಚಲನಚಿತ್ರದ ಮೊದಲ ಆಟಕ್ಕೆ ಮುಂಜಾನೆಯೇ ಹೋಗಿ ನಿಲ್ಲುವವರನ್ನು ನಾವು ನೋಡಿಲ್ಲವೆ? ಅದು ವಿನೋದ. ವಿನೋದವನ್ನು ವಿನೋದವೆಂದು ತಿಳಿದು ಮಾಡಿದರೆ ದೋಷವಿಲ್ಲ. ನೆರೆಯವರ ಮುಂದೆ ಮೊದಲಿಗನೆನಿಸಿಕೊಳ್ಳಲು, ಮನೆಯ ಅಗತ್ಯಗಳನ್ನು ಹಿಂದಕ್ಕೆ ತಳ್ಳಿ, ಸಾಲ ಮಾಡಿ ಸಾಲಿನಲ್ಲಿ ನಿಲ್ಲುವುದೇ ದೋಷ.

ಯಂತ್ರದ ನಿಜವಾದ ಬೆಲೆಯನ್ನು ಅಳೆಯುವುದು ಹೇಗೆ? ನಮ್ಮ ಜಿಲ್ಲೆಯಲ್ಲಿಯೇ ಅದಕ್ಕೆ ಉದಾಹರಣೆಯಿದೆ. 1955ರಲ್ಲಿ ಕೊಯಮತ್ತೂರಿನ ಪಿ. ಸಭಾಪತಿಯವರು ವಿದ್ಯುತ್ತಿನಿಂದ ನಡೆಯುವ ಹಿಟ್ಟಿನ ರುಬ್ಬುಯಂತ್ರವನ್ನು ರೂಪಿಸಿದರು. ತಿರುಪ್ಪೂರು ಜಿಲ್ಲೆಯ ಊತ್ತುಕುಳಿಯ ಕಲ್ಲು ಅದಕ್ಕೆ ಹೆಸರಾಯಿತು. ಮುಂದೆ ಕೊಯಮತ್ತೂರು ರುಬ್ಬುಯಂತ್ರಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ನಮ್ಮ ತಾಯಂದಿರು ಒರಳಿನ ಮುಂದೆ ಕುಳಿತು ತೋಳು ಸೋಲುವಂತೆ ರುಬ್ಬುತ್ತಿದ್ದ ಗಂಟೆಗಳನ್ನು ಆ ಯಂತ್ರವು ಅವರಿಗೆ ಹಿಂದಕ್ಕೆ ಕೊಟ್ಟಿತು. ಅದನ್ನು ಊರಿನಲ್ಲಿ ಮೊದಲು ಕೊಂಡವರು ಯಾರೆಂದು ಈಗ ಯಾರೂ ಕೇಳುವುದಿಲ್ಲ. ಪ್ರತಿ ಬೆಳಗ್ಗೆ ಇಡ್ಲಿ ತಿನ್ನುವವರೆಲ್ಲರೂ ಅದರ ಫಲವನ್ನು ಉಣ್ಣುತ್ತಾರೆ. ಕಾಲವನ್ನು ಉಳಿಸಿಕೊಡುವುದೇ ಯಂತ್ರದ ಧರ್ಮ. ಅದನ್ನು ಪಡೆಯಲು ಒಂದು ರಾತ್ರಿಯನ್ನೂ ಎರಡು ದಿನಗಳನ್ನೂ ಚೆಲ್ಲುವವನು, ಅಷ್ಟು ಕಾಲವನ್ನು ಆ ಯಂತ್ರವು ತನಗೆ ಎಂದು ಮರಳಿಸುವುದೆಂಬುದನ್ನು ಕೇಳಿಕೊಳ್ಳಬೇಕು.

ನಮ್ಮ ಯುವಕನೊಡನೆ ಕುಳಿತು ಈ ಲೆಕ್ಕವನ್ನೇ ಕಾಗದದ ಮೇಲೆ ಬರೆದೆವು. ಹೋಗಬೇಡವೆಂದು ನಾವು ಹೇಳಲಿಲ್ಲ. 104 ಎಂಬ ಸಂಖ್ಯೆಯನ್ನು ಅವನು ಬಹಳ ಹೊತ್ತು ನೋಡಿದನು. ಮರುವಾರ ಅವನು ಹಳೆಯ ಫೋನಿನ ಬ್ಯಾಟರಿಯನ್ನು ಬದಲಾಯಿಸಿಕೊಂಡು ಕೆಲಸಕ್ಕೆ ಹೋದನು. ಹೊಸದನ್ನು ಕೊಳ್ಳುವ ಆಸೆಯನ್ನು ಅವನು ಬಿಟ್ಟಿಲ್ಲ. ಬೀದಿಯಲ್ಲಿ ಕಾಯುವ ಬದಲು ಮನೆಯಲ್ಲಿ ಕಾಯುತ್ತಿದ್ದಾನೆ, ಅಷ್ಟೆ. ಬೆಲೆಯು ಅವನಿಗಾಗಿ ಇಳಿಯುತ್ತಿದೆ.

ಅಭ್ಯಾಸ

1. ಅವಶ್ಯಕತೆಯ ಸಾಲಿಗೂ ಉತ್ಸಾಹದ ಸಾಲಿಗೂ ಇರುವ ಭೇದವನ್ನು ನಿಮ್ಮ ಊರಿನ ಎರಡು ಉದಾಹರಣೆಗಳಿಂದ ವಿವರಿಸಿರಿ.

2. ಬೆಳೆಯದೆ ಕುಗ್ಗದೆ ನಡೆಯುವ ಒಂದು ಸಾಲಿನಲ್ಲಿ 180 ಜನರಿದ್ದಾರೆ. ನಿಮಿಷಕ್ಕೆ ಮೂವರು ಹೊರಡುತ್ತಾರೆ. ಒಬ್ಬನು ಸರಾಸರಿ ಎಷ್ಟು ಹೊತ್ತು ಕಾಯುವನು?

3. ನಿಮ್ಮ ಮನೆಯಲ್ಲಿರುವ ಒಂದು ಯಂತ್ರವು ವಾರಕ್ಕೆ ಎಷ್ಟು ಗಂಟೆಗಳನ್ನು ಉಳಿಸುವುದೆಂದು ತಾಯಿಯವರನ್ನು ಕೇಳಿ ಬರೆಯಿರಿ.