ನಮ್ಮ ಓಣಿಗೊಂದು ಪುಸ್ತಕದ ಪೆಟ್ಟಿಗೆ

ವಾರ್ಷಿಕ ಪರೀಕ್ಷೆ ಮುಗಿಯಿತೆಂದರೆ ಬೈಲಹೊಂಗಲದ ಓಣಿಗಳಲ್ಲಿ ರದ್ದಿಯವರಿಗೆ ಸುಗ್ಗಿ. ಪಠ್ಯಪುಸ್ತಕ, ಗೈಡು, ನೋಟ್ಸು ಎಲ್ಲವೂ ಕಿಲೋ ಲೆಕ್ಕದಲ್ಲಿ ತೂಗಿ ಹೋಗುತ್ತವೆ. ಜೂನ್ ಬಂದಾಗ ಅದೇ ಓಣಿಯ ಇನ್ನೊಂದು ಮನೆಯ ಹುಡುಗಿ ಅವೇ ಪುಸ್ತಕಗಳಿಗೆ ದುಡ್ಡು ಹೊಂದಿಸಲಾಗದೆ, ಗೆಳತಿಯ ಪುಸ್ತಕ ತಂದು ರಾತ್ರಿ ಕೂತು ಬರೆದುಕೊಳ್ಳುತ್ತಾಳೆ. ಎರಡು ಮನೆಗಳ ನಡುವೆ ನೂರು ಹೆಜ್ಜೆಯೂ ಇರುವುದಿಲ್ಲ. ಆ ನೂರು ಹೆಜ್ಜೆಯೊಳಗೆ ಒಂದು ಪೆಟ್ಟಿಗೆ ಇಡೋಣ ಎಂದು ಕಳೆದ ವರ್ಷ ನಾವು ನಾಲ್ವರು ಗೆಳೆಯರು ಮಾತಾಡಿಕೊಂಡೆವು.

ಇದು ನಮ್ಮದೇ ಹೊಸ ವಿಚಾರವೇನಲ್ಲ. 2009ರಲ್ಲಿ ಅಮೆರಿಕದ ಹಡ್ಸನ್ ಎಂಬ ಊರಿನಲ್ಲಿ ಟಾಡ್ ಬೋಲ್ ಎಂಬಾತ, ಶಿಕ್ಷಕಿಯಾಗಿದ್ದ ತನ್ನ ತಾಯಿಯ ನೆನಪಿಗೆ ಪುಟ್ಟ ಶಾಲೆಯ ಆಕಾರದ ಪೆಟ್ಟಿಗೆ ಮಾಡಿ, ಪುಸ್ತಕ ತುಂಬಿ ಮನೆ ಮುಂದೆ ಕಂಬದ ಮೇಲೆ ಇಟ್ಟ. ಬೇಕಾದವರು ಒಯ್ಯಬಹುದು, ಇದ್ದವರು ಇಡಬಹುದು. ಅಲ್ಲಿಂದ ಅದು ಅನೇಕ ದೇಶಗಳಿಗೆ ಹಬ್ಬಿತು.

ಆದರೆ ನನ್ನ ಮನಸ್ಸಿಗೆ ನಾಟಿದ್ದು ಮೈಸೂರಿನ ಸೈಯದ್ ಇಸಾಕ್ ಅವರ ಕೆಲಸ. ಶಾಲೆಯ ಓದು ದಕ್ಕದ ಕೂಲಿ ಕಾರ್ಮಿಕ. ರಾಜೀವ್ ನಗರದಲ್ಲಿ ಒಂದು ಶೆಡ್ಡಿನಂಥ ಜಾಗದಲ್ಲಿ ಸುಮಾರು 11,000 ಪುಸ್ತಕ ಕೂಡಿಸಿದ್ದರು. ಬಹುಪಾಲು ಕನ್ನಡದವೇ. ತಮ್ಮ ದುಡಿಮೆಯಿಂದಲೇ ದಿನಪತ್ರಿಕೆ ತರಿಸುತ್ತಿದ್ದರು. 2021ರ ಏಪ್ರಿಲ್ 9ರ ಬೆಳಗಿನ ಜಾವ ಅದೆಲ್ಲ ಸುಟ್ಟು ಬೂದಿಯಾಯಿತು. ಆಗ ಅವರಿಗೆ 62 ವರ್ಷ. ಸಾಕು ಎನ್ನಬಹುದಿತ್ತು; ಅವರು ಮತ್ತೆ ಕಟ್ಟುತ್ತೇನೆ ಎಂದರು. ನಾಡಿನ ಹಲವು ಕಡೆಯಿಂದ ಜನ ಪುಸ್ತಕ ಕಳಿಸಿದರು. ಓದು ಬಾರದವರೊಬ್ಬರು ಓದುವವರಿಗಾಗಿ ಇಷ್ಟು ಮಾಡಿದ್ದಾರೆ. ಓದು ಬಲ್ಲ ನಾವು ಒಂದು ಪೆಟ್ಟಿಗೆ ಇಡಲು ಯಾಕೆ ಹಿಂದೆಮುಂದೆ ನೋಡಬೇಕು?

ಇನ್ನು ಕೆಲಸದ ಮಾತು. ಎಲ್ಲಕ್ಕಿಂತ ಮೊದಲು ಜಾಗ. ಹತ್ತು ಜನ ಕೂತೇಳುವ, ಯಾರದಾದರೂ ಕಣ್ಣಿರುವ ಜಾಗವಾಗಬೇಕು. ನಮ್ಮದು ಕಿರಾಣಿ ಅಂಗಡಿಯ ಕಟ್ಟೆಯ ಮೇಲಿದೆ. ಅಂಗಡಿ ಚಾಚಾ, "ಇಡ್ರಪಾ, ಆದ್ರ ಅಂಗಡಿ ಬಾಗಿಲಿಗೆ ಅಡ್ಡ ಆಗಬಾರದು" ಅಂದರು. ಸಾಮಾನು ಒಯ್ಯಲು ಬರುವ ಹೆಣ್ಣುಮಕ್ಕಳು ಸಂಕೋಚವಿಲ್ಲದೆ ಪುಸ್ತಕವನ್ನೂ ಒಯ್ಯುತ್ತಾರೆ. ಗಂಡಸರೇ ತುಂಬಿರುವ ಚಹಾದ ಅಂಗಡಿ ಮುಂದೆ ಇಟ್ಟಿದ್ದರೆ ಇದು ಆಗುತ್ತಿರಲಿಲ್ಲ.

ಪೆಟ್ಟಿಗೆಗೆ ಹಳೆಯ ತಗಡಿನ ಟ್ರಂಕು ಸಾಕು. ಕಟ್ಟಿಗೆಯದಾದರೆ ಗೆದ್ದಲು ಬಿಡುವುದಿಲ್ಲ. ನೆಲಕ್ಕೆ ತಾಗದಂತೆ ಇಟ್ಟಂಗಿಯ ಮೇಲಿಡಿ, ಒಳಗೆ ಒಣಗಿದ ಬೇವಿನ ಎಲೆ ಹಾಕಿ. ಕಿತ್ತೂರು ಕಡೆ ಮಳೆ ಹೆಚ್ಚು, ಅಲ್ಲಿ ಮೇಲೊಂದು ಇಳಿಜಾರು ತಗಡು ಬೇಕೇ ಬೇಕು. ರಾಮದುರ್ಗ, ಸವದತ್ತಿ ಕಡೆಯವರಿಗೆ ಮಳೆಗಿಂತ ಧೂಳಿನದೇ ಚಿಂತೆ.

ಲೆಕ್ಕ ಇಡಬೇಕೋ ಬೇಡವೋ ಎಂದು ನಮ್ಮಲ್ಲೇ ಬಹಳ ವಾದವಾಯಿತು. ನನ್ನ ಅಭಿಪ್ರಾಯ ಇಷ್ಟು: ಕಥೆ, ಕಾದಂಬರಿ, ಉರ್ದು ಪತ್ರಿಕೆ ಇವಕ್ಕೆ ಲೆಕ್ಕ ಬೇಡ. ಒಯ್ದದ್ದು ಬರದಿದ್ದರೆ ಯಾರೋ ಓದುತ್ತಿದ್ದಾರೆ ಎಂದುಕೊಳ್ಳಬೇಕು. ಪಠ್ಯಪುಸ್ತಕದ ಮಾತು ಬೇರೆ. ಅದು ಒಬ್ಬರ ಕೈಯಲ್ಲೇ ವರ್ಷಪೂರ್ತಿ ಇರಬೇಕು, ಪರೀಕ್ಷೆ ಮುಗಿದ ಮೇಲೆ ತಪ್ಪದೆ ಮರಳಬೇಕು. ಅದಕ್ಕೆ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಹೆಸರು, ವಿಷಯ ಬರೆದುಕೊಳ್ಳುತ್ತೇವೆ. ಮೊದಲ ಪುಟದ ಮೇಲೆ "ಮಾರಾಟಕ್ಕಲ್ಲ" ಎಂದು ದಪ್ಪಕ್ಷರದಲ್ಲಿ ಬರೆದರೆ ರದ್ದಿಗೆ ಹೋಗುವುದೂ ತಪ್ಪುತ್ತದೆ. ಪಠ್ಯಕ್ರಮ ಬದಲಾಗಿದೆಯೇ ಎಂದು ಉಪನ್ಯಾಸಕರಿಗೆ ತೋರಿಸಿಯೇ ಒಳಗಿಡಬೇಕು. ಹಳೆಯ ಗೈಡು ಕೊಟ್ಟು ಯಾರದೋ ಅಂಕ ಕಳೆಯಬಾರದಲ್ಲ! (ಲಗ್ನಪತ್ರಿಕೆ, ಹಳೆ ಡೈರಿಗಳನ್ನೂ ಜನ ತಂದು ಹಾಕುತ್ತಾರೆ. ವಾರಕ್ಕೊಮ್ಮೆ ಆರಿಸಿ ತೆಗೆಯಲು ಒಬ್ಬರು ಇರಲಿ.)

ಸದ್ಯ ನಮ್ಮ ಪೆಟ್ಟಿಗೆಯಲ್ಲಿ ಕಲಾ ವಿಭಾಗದ ಪುಸ್ತಕಗಳೇ ಹೆಚ್ಚು. ವಿಜ್ಞಾನದವು ಬಹಳ ಕಡಿಮೆ, ಕೇಳುವವರು ಮಾತ್ರ ಅವಕ್ಕೇ ಹೆಚ್ಚು. ದ್ವಿತೀಯ ವರ್ಷದ ಅಣ್ಣ-ಅಕ್ಕಂದಿರು ಭೌತಶಾಸ್ತ್ರ, ಗಣಿತ, ಲೆಕ್ಕಶಾಸ್ತ್ರದ ಪುಸ್ತಕಗಳನ್ನು ಪರೀಕ್ಷೆ ಮುಗಿದ ವಾರದೊಳಗೆ ಕಾಲೇಜಿಗೆ ತಂದುಕೊಟ್ಟರೆ, ಒಯ್ಯುವ ಕೆಲಸ ನಮ್ಮದು. ಬಸ್ಸಿಗೆ ಬರುವ ಗೆಳೆಯರು ತಮ್ಮೂರಲ್ಲೂ ಶುರುಮಾಡುವುದಾದರೆ ಎರಡು ಖಾಲಿ ಟ್ರಂಕುಗಳಿವೆ, ಕೇಳಿ ಒಯ್ಯಿರಿ.