771 ಅಂಕ, ಸೋರುವ ಮಾಡು

2024ರ ಮಾರ್ಚ್ ಕೊನೆಯಲ್ಲಿ ಊರಿಂದ ಅಪ್ಪಯ್ಯ ಫೋನ್ ಮಾಡಿದರು. ಅಡುಗೆಮನೆ ಮೇಲಿನ ಪಕಾಸಿಗೆ ಗೆದ್ದಲು ಹಿಡಿದಿದೆ, ಈ ಸಲದ ಮಳೆಗೆ ಮಾಡು ನಿಲ್ಲಲಿಕ್ಕಿಲ್ಲ. ಹಂಚು ಇಳಿಸಿ, ಮರ ಬದಲಿಸಿ, ಮತ್ತೆ ಹೊದೆಸಲು ಮೂರು ಲಕ್ಷವಾದರೂ ಬೇಕು ಎಂದು ಆಚಾರರು ಲೆಕ್ಕ ಹೇಳಿದ್ದರಂತೆ. ತೀರ್ಥಹಳ್ಳಿ ಕಡೆಯವರಿಗೆ ಇಂಥ ಕೆಲಸಕ್ಕೆ ಮೇ ಕೊನೆಯೇ ಗಡುವು.

“ತಲೆಬಿಸಿ ಬೇಡ ಅಪ್ಪಯ್ಯ, ನಾನು ಬ್ಯಾಂಕಲ್ಲಿ ತೆಗೀತೀನಿ” ಅಂದೆ. ಆಗ ನನಗೆ 24 ವರ್ಷ, ಬೆಂಗಳೂರಲ್ಲಿ ಕೆಲಸ, ಸಿಬಿಲ್ ಸ್ಕೋರು 771. 300ರಿಂದ 900ರವರೆಗಿನ ಆ ಅಳತೆಯಲ್ಲಿ 750 ದಾಟಿದವನನ್ನು ಬ್ಯಾಂಕಿನವರೇ ಹುಡುಕಿಕೊಂಡು ಬರುತ್ತಾರೆ ಎಂದು ನಮ್ಮ ಪಿಜಿಯಲ್ಲಿ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ.

ಎರಡೇ ದಿನಕ್ಕೆ ಅರ್ಜಿ ತಿರಸ್ಕಾರವಾಯಿತು. “ನಮ್ಮ ಆಂತರಿಕ ನೀತಿಯಂತೆ” ಎಂಬ ಒಂದು ಸಾಲಿನ ಮೆಸೇಜು, ಅಷ್ಟೇ.

ಅವಮಾನದ ಬಿಸಿಯಲ್ಲಿ ಅದೇ ರಾತ್ರಿ ಮೊಬೈಲ್ ಹಿಡಿದು ಇನ್ನೂ ನಾಲ್ಕು ಕಡೆ ಅರ್ಜಿ ಹಾಕಿದೆ. ನನ್ನ ಸ್ಕೋರನ್ನು ನಾನೇ ಎಷ್ಟು ಸಲ ನೋಡಿಕೊಂಡರೂ ನಷ್ಟವಿಲ್ಲ. ಆದರೆ ಸಾಲ ಕೊಡುವವರು ತೆರೆದು ನೋಡಿದ ಪ್ರತಿ ಸಲವೂ ‘ಎನ್‌ಕ್ವೈರಿ’ ಎಂದು ದಾಖಲಾಗುತ್ತದೆ. ಊರಲ್ಲಿ ಒಬ್ಬ ಒಂದೇ ದಿನ ನಾಲ್ಕು ಮನೆಯಲ್ಲಿ ಸಾಲ ಕೇಳಿದರೆ ಸಂಜೆಯೊಳಗೆ ಐದನೇ ಮನೆಯವರಿಗೂ ಸುದ್ದಿ ಮುಟ್ಟಿರುತ್ತದಲ್ಲ, ಹಾಗೇ ಇದು. ನಾಲ್ವರೂ ಇಲ್ಲ ಅಂದರು. ಸ್ಕೋರು 748ಕ್ಕೆ ಇಳಿಯಿತು.

ಆಫೀಸಿನ ಅಕೌಂಟ್ಸ್ ಮೇಡಂ ನನ್ನ ಮುಖ ನೋಡಿ ವಿಚಾರಿಸಿದರು. “ಯಾಕೆ ಕೊಡಲಿಲ್ಲ ಅಂತ ಬರವಣಿಗೆಯಲ್ಲಿ ಕೇಳಿದೆಯೇನಪ್ಪ?” ಕೇಳಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ. ಸಾಲದ ಮೊತ್ತ ಎಷ್ಟೇ ಇರಲಿ, ಕ್ರೆಡಿಟ್ ಕಾರ್ಡಿನ ಅರ್ಜಿಯೇ ಆಗಿರಲಿ, ಬ್ಯಾಂಕು ನಿರಾಕರಣೆಯ ಮುಖ್ಯ ಕಾರಣವನ್ನು ಲಿಖಿತವಾಗಿ ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಮೊದಲ ಬ್ಯಾಂಕಿಗೆ ಮೇಲ್ ಹಾಕಿದೆ. ಎರಡು ಸಲ ನೆನಪಿಸಿದ ಮೇಲೆ ಉತ್ತರ ಬಂತು: ಈಗಿನ ಕೆಲಸಕ್ಕೆ ಸೇರಿ ಐದೇ ತಿಂಗಳು, ಮರುಪಾವತಿ ಶಕ್ತಿ ಸಾಲದು, ವಿಳಾಸ ದೃಢಪಟ್ಟಿಲ್ಲ.

ವಿಳಾಸದ ಕತೆ ಕೇಳಿದರೆ ನಗು ಬರುತ್ತದೆ. ಬ್ಯಾಂಕಿನ ಪರವಾಗಿ ಪರಿಶೀಲನೆಗೆ ಬರುವ ಹುಡುಗ ಬೆಳಿಗ್ಗೆ ಹನ್ನೊಂದಕ್ಕೆ ಪಿಜಿಗೆ ಬಂದಿದ್ದಾನೆ. ಆ ಹೊತ್ತಿಗೆ ಅಲ್ಲಿರುವುದು ಅಡುಗೆಯವನು ಒಬ್ಬನೇ. ಅವನಿಗೆ ನಾನು ‘ಮೂರನೇ ಮಹಡಿ, ಕಿಟಕಿ ಪಕ್ಕದ ಮಂಚ’. ಹೆಸರು ಹೇಳಿದ್ದಕ್ಕೆ, “ಅಂಥವರು ಇಲ್ಲಿಲ್ಲ ಸಾರ್” ಎಂದು ಕಳಿಸಿಬಿಟ್ಟಿದ್ದಾನೆ. ಎರಡು ವರ್ಷದಿಂದ ಅವನ ಕೈಯ ಚಿತ್ರಾನ್ನ ತಿಂದವನು ನಾನು. ಅವನನ್ನು ಬೈಯಲು ಮನಸ್ಸಾಗಲಿಲ್ಲ. ನನಗೂ ಅವನ ಹೆಸರು ಗೊತ್ತಿರಲಿಲ್ಲ.

ಮರುಪಾವತಿಯ ಲೆಕ್ಕವನ್ನಂತೂ ನಾನೇ ಮೊದಲು ಮಾಡಬೇಕಿತ್ತು. ಕೈಗೆ ಬರುತ್ತಿದ್ದ ಸಂಬಳ 24,000. ಶೇ. 15ರ ಬಡ್ಡಿಯಲ್ಲಿ ಮೂರು ಲಕ್ಷವನ್ನು ಮೂರು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 10,400 ಕಂತು, ಜೊತೆಗೆ ಮೊಬೈಲ್ ಸಾಲದ ಕಂತು 1,900. ಅಲ್ಲಿಗೇ ಸಂಬಳದ ಅರ್ಧ ದಾಟಿತು. ಎಲ್ಲ ಕಂತು ಸೇರಿ ಆದಾಯದ ಅರ್ಧ ಮೀರಿದರೆ ಸಾಮಾನ್ಯವಾಗಿ ಬ್ಯಾಂಕಿನವರು ಹಿಂದೆಗೆಯುತ್ತಾರೆ. ಸ್ಕೋರಿಗೆ ಸಂಬಳದ ಸುದ್ದಿಯೇ ಗೊತ್ತಿಲ್ಲ. ಕೊಟ್ಟ ಸಾಲವನ್ನು ಹೇಗೆ ಕಟ್ಟಿದೆ ಎಂದಷ್ಟೇ ಅದು ಹೇಳುತ್ತದೆ. ಇನ್ನೆಷ್ಟು ಕಟ್ಟಬಲ್ಲೆ ಎಂಬುದನ್ನು ಹೇಳುವುದಿಲ್ಲ.

ಆ 771 ತಾನೇ ಎಲ್ಲಿಂದ ಬಂತು? ಒಂದೇ ಒಂದು ಮೊಬೈಲ್ ಸಾಲ, ಹನ್ನೊಂದು ಕಂತು. ಒಂದು ವರ್ಷ ಫಸಲು ಬಿಟ್ಟಿದ್ದನ್ನು ನೋಡಿ ನಮ್ಮ ಕಡೆ ಯಾರೂ ಅಡಿಕೆ ತೋಟ ಕೊಳ್ಳುವುದಿಲ್ಲ. ಬ್ಯಾಂಕೂ ಅಷ್ಟೇ ಮಾಡಿತ್ತು.

ಗಾಳಿಯೂ ನನ್ನ ಕಡೆಗಿರಲಿಲ್ಲ. 2023ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಗ್ರಾಹಕ ಸಾಲಗಳ ‘ರಿಸ್ಕ್ ವೇಟ್’ ಅನ್ನು ಶೇ. 100ರಿಂದ 125ಕ್ಕೆ ಏರಿಸಿತ್ತು. ಅಂದರೆ ಅಡವಿಲ್ಲದ ಇಂಥ ಸಾಲ ಕೊಡುವಾಗ ಬ್ಯಾಂಕು ತನ್ನ ಬಂಡವಾಳವನ್ನು ಮೊದಲಿಗಿಂತ ಹೆಚ್ಚು ತೆಗೆದಿಡಬೇಕು. ಮನೆ, ಶಿಕ್ಷಣ, ವಾಹನ, ಚಿನ್ನದ ಸಾಲಗಳಿಗೆ ಈ ಏರಿಕೆ ತಾಗಲಿಲ್ಲ.

ಚಿನ್ನ. ಏಪ್ರಿಲ್ ಎರಡನೇ ವಾರ ಅಪ್ಪಯ್ಯ, “ಎಂತ ಆಯ್ತು ನಿನ್ನ ಬ್ಯಾಂಕಿಂದು?” ಅಂತ ಕೇಳಿದರು. ಹೇಳಿದೆ. ಮರುದಿನ ಅಮ್ಮನ ಎರಡೆಳೆ ಸರ, ನಾಲ್ಕು ಬಳೆ ಸೊಸೈಟಿಯ ತಿಜೋರಿಗೆ ಹೋದವು. ಸೊಸೈಟಿ ಅಂದರೆ ನಮ್ಮೂರ ಕೃಷಿ ಪತ್ತಿನ ಸಹಕಾರ ಸಂಘ. ಆ ಬೋರ್ಡಿನ ‘ಪತ್ತು’ ಎಂಬ ಪದ ಚಿಕ್ಕಂದಿನಲ್ಲಿ ಓದಿ ಹತ್ತು ಎಂಬುದನ್ನು ತಪ್ಪಾಗಿ ಬರೆದಿದ್ದಾರೆ ಅಂದುಕೊಂಡಿದ್ದೆ. ಜನ ನಿನ್ನ ಮೇಲೆ ಎಷ್ಟು ನಂಬಿಕೆ ಇಟ್ಟು ಕೈಗಡ ಕೊಡುತ್ತಾರೋ ಅದು ಪತ್ತು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ರೈತರು ಸೇರಿ ಸಂಘ ಕಟ್ಟಿದ್ದೂ ಅದರ ಮೇಲೆಯೇ. ನಮ್ಮ ಕಾರ್ಯದರ್ಶಿಗಳು ಅಪ್ಪಯ್ಯನ ಸ್ಕೋರು ಕೇಳಲಿಲ್ಲ. ಹಾಗೆಂದು ಬರೀ ನಂಬಿಕೆಯ ಮೇಲೆ ಕೊಡಲೂ ಇಲ್ಲ, ಸರವನ್ನು ತೂಗಿಯೇ ಕೊಟ್ಟರು.

ಆಮೇಲೆ ನಾನು ಮಾಡಿದ್ದು ಕಡಿಮೆ. ಹೊಸ ಅರ್ಜಿ ಹಾಕುವುದನ್ನು ನಿಲ್ಲಿಸಿದೆ. 25,000 ಎಫ್‌ಡಿ ಇಟ್ಟು ಅದರ ಮೇಲೆ ಒಂದು ಕಾರ್ಡ್ ತೆಗೆದೆ; ಪೆಟ್ರೋಲಿಗೆ ಬಿಟ್ಟು ಬೇರೆಲ್ಲೂ ಉಜ್ಜುವುದಿಲ್ಲ, ಬಿಲ್ಲನ್ನು ಪೂರ್ತಿ ಕಟ್ಟುತ್ತೇನೆ. ದೇಶದಲ್ಲಿ ಸ್ಕೋರು ಮತ್ತು ಸಾಲದ ವರದಿ ಕೊಡುವ ಕಂಪನಿಗಳು ನಾಲ್ಕಿವೆ, ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ಈಗ ನಾಲ್ಕನ್ನೂ ತರಿಸಿ ಓದುತ್ತೇನೆ. ಅಡುಗೆಯವನ ಹೆಸರು ಕೇಳಿ ತಿಳಿದುಕೊಂಡೆ, ನನ್ನದನ್ನೂ ಹೇಳಿದೆ.

ಜೂನ್ ಮೊದಲ ಮಳೆಗೆ ಅಡುಗೆಮನೆ ಸೋರಲಿಲ್ಲ. ಸೊಸೈಟಿಯ ಸಾಲಕ್ಕೆ ತಿಂಗಳು ತಿಂಗಳು ಐದನೇ ತಾರೀಕು ನಾನೇ ದುಡ್ಡು ಕಳಿಸುತ್ತಿದ್ದೆ, ಒಂದು ಸಲವೂ ತಪ್ಪಲಿಲ್ಲ. ರಸೀದಿಯೆಲ್ಲ ಅಪ್ಪಯ್ಯನ ಹೆಸರಲ್ಲಿ. ನನ್ನ ವರದಿಯಲ್ಲಿ ಇರುವುದು ಮುಗಿದುಹೋದ ಮೊಬೈಲ್ ಸಾಲ, ಒಂದೇ ವಾರದ ಆ ಎನ್‌ಕ್ವೈರಿಗಳು, ಮತ್ತೆ ಒಂದಿಷ್ಟು ಪೆಟ್ರೋಲು.