ನೇತ್ರಾಣಿಯ ನೀರು, ಮಾರಿಕಣಿವೆಯ ನೀರು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಇವೆಲ್ಲ ಕಡಲಿನಿಂದ ಬಹುದೂರದ ಊರುಗಳು. ಇಲ್ಲಿಯ ಹುಡುಗರು ಈಜು ಕಲಿಯುವುದು ತೋಟದ ಬಾವಿಯಲ್ಲಿ, ಊರ ಕೆರೆಯಲ್ಲಿ, ಇಲ್ಲವೆ ವೇದಾವತಿಯ ಮಡುವಿನಲ್ಲಿ. ಆದರೆ ಈಗ ರಜೆ ಬಂದಿತೆಂದರೆ ಕಾಲೇಜಿನ ತರುಣರು ಗುಂಪುಗೂಡಿ ಕರಾವಳಿಗೆ ಹೊರಡುತ್ತಾರೆ. ಅವರಲ್ಲಿ ಹಲವರು ಮುರುಡೇಶ್ವರದಲ್ಲಿ ದೋಣಿಯೇರಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಅಲ್ಲಿಯ ತಿಳಿನೀರಿನಲ್ಲಿ ಮುಖವಿಟ್ಟು ಹವಳದ ಬಂಡೆಗಳನ್ನೂ ಬಣ್ಣಬಣ್ಣದ ಮೀನುಗಳನ್ನೂ ನೋಡಿ ಬರುತ್ತಾರೆ. ಇದು ಒಂದು ದಿನದ ಯಾನ. ಈ ಒಂದು ದಿನದಲ್ಲಿ ಭೌತಶಾಸ್ತ್ರದ ಹಲವು ಪಾಠಗಳು ತಾವಾಗಿಯೇ ಎದುರಾಗುತ್ತವೆ. ಪರೀಕ್ಷೆಯಲ್ಲಿ ತಪ್ಪಿದರೆ ಅಂಕ ಹೋದೀತು; ನೀರಿನಲ್ಲಿ ಇವೇ ಪಾಠಗಳನ್ನು ಮರೆತರೆ ಪ್ರಾಣವೇ ಹೋದೀತು. ಅದಕ್ಕಾಗಿ ಅವುಗಳನ್ನು ಇಲ್ಲಿ ಕ್ರಮವಾಗಿ ವಿಚಾರಿಸೋಣ.

ದೋಣಿಯ ಸಮತೋಲ

ನೇತ್ರಾಣಿಯು ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿದೆ. ಪಾರಿವಾಳ ದ್ವೀಪವೆಂಬ ಹೆಸರೂ ಇದಕ್ಕುಂಟು. ದೋಣಿಗೆ ಒಂದೂವರೆ ಗಂಟೆಯ ಹಾದಿ. ಮಳೆಗಾಲದಲ್ಲಿ ಕಡಲು ಉಕ್ಕುವುದರಿಂದ ಈ ಯಾನ ನಿಂತಿರುತ್ತದೆ.

ದೋಣಿಯ ಮೇಲೆ ಎರಡು ಬಲಗಳು ವರ್ತಿಸುತ್ತವೆ. ದೋಣಿಯ ಮತ್ತು ಜನರ ಒಟ್ಟು ತೂಕವು ಗುರುತ್ವ ಕೇಂದ್ರದ ಮೂಲಕ ಕೆಳಕ್ಕೆ ಎಳೆಯುತ್ತದೆ. ಸ್ಥಾನಪಲ್ಲಟಗೊಂಡ ನೀರಿನ ತೇಲಿಕೆಯ ಬಲವು ಮೇಲಕ್ಕೆ ಒತ್ತುತ್ತದೆ. ಅಲೆಯಿಂದ ದೋಣಿಯು ಬಲಕ್ಕೆ ವಾಲಿತೆನ್ನಿ. ಆಗ ಬಲಪಾರ್ಶ್ವವು ಹೆಚ್ಚು ನೀರನ್ನು ತಳ್ಳುವುದರಿಂದ ತೇಲಿಕೆಯ ಬಲವು ಆ ಕಡೆಗೆ ಸರಿದು ದೋಣಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ಗುರುತ್ವ ಕೇಂದ್ರವು ಕೆಳಗಿದ್ದಷ್ಟೂ ಈ ಚೇತರಿಕೆ ಸುಲಭ. ಕುಳಿತಿದ್ದವರೆಲ್ಲ ಎದ್ದು ನಿಂತರೆ ಗುರುತ್ವ ಕೇಂದ್ರ ಮೇಲೇರುತ್ತದೆ. ದ್ವೀಪ ಕಂಡಿತೆಂದು ಎಲ್ಲರೂ ಒಂದೇ ಪಕ್ಕಕ್ಕೆ ಧಾವಿಸಿದರೆ ಅದು ಪಕ್ಕಕ್ಕೂ ಸರಿಯುತ್ತದೆ. ಎರಡೂ ಒಟ್ಟಿಗೆ ನಡೆದಾಗ ಚೇತರಿಸಿಕೊಳ್ಳಬೇಕಾದ ದೋಣಿ ಮಗುಚುತ್ತದೆ. ‘ಏಳಬೇಡಿ, ಕುಳಿತುಕೊಳ್ಳಿ’ ಎಂದು ದೋಣಿಯವನು ಗದರುವುದು ಈ ಕಾರಣದಿಂದ.

ಕಾಣೆಯಾಗುವ ತೀರ

ಕುಳಿತಲ್ಲಿಂದಲೇ ಹಿಂದಿರುಗಿ ನೋಡಿದವರಿಗೆ ಒಂದು ವಿನೋದ ಕಾಣುತ್ತದೆ. ಮೊದಲು ಮರಳದಂಡೆ ಮರೆಯಾಗುತ್ತದೆ. ಅನಂತರ ತೆಂಗಿನ ಮರಗಳ ಬುಡ. ಎತ್ತರವಾದ ಶಿವನ ವಿಗ್ರಹವೂ ಗೋಪುರವೂ ಕಡೆಯವರೆಗೆ ಉಳಿಯುತ್ತವೆ. ಇದಕ್ಕೆ ಕಾರಣ ಭೂಮಿಯ ಗುಂಡಾದ ಮೈ. ನೋಡುವವನ ಕಣ್ಣು ನೀರಿನಿಂದ ಎಷ್ಟು ಮೀಟರು ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತವು ಎಷ್ಟು ಕಿಲೋಮೀಟರು ದೂರವೆಂಬುದು ಸಿಗುತ್ತದೆ. ಕಣ್ಣು 2 ಮೀಟರು ಎತ್ತರದಲ್ಲಿದ್ದರೆ ದಿಗಂತ ಕೇವಲ 5 ಕಿಲೋಮೀಟರು. ನೇತ್ರಾಣಿಯ ಬಳಿಯಿಂದ ಲೆಕ್ಕ ಹಾಕಿದರೆ ತೀರದಲ್ಲಿ ಕಡಲಮಟ್ಟದಿಂದ ಸುಮಾರು 15 ಮೀಟರು ಎತ್ತರದವರೆಗೆ ಎಲ್ಲವೂ ಮರೆಯಾಗಿರಬೇಕು.

ಈಜುವವನ ಸ್ಥಿತಿ ಇನ್ನೂ ವಿಚಿತ್ರ. ಅವನ ಕಣ್ಣು ನೀರಿನಿಂದ ಒಂದು ಗೇಣು, ಎಂದರೆ 20 ಸೆಂಟಿಮೀಟರು ಮಾತ್ರ ಮೇಲಿದ್ದರೆ, ಅವನ ದಿಗಂತ ಒಂದೂವರೆ ಕಿಲೋಮೀಟರಿನಷ್ಟೇ ದೂರ. ಅಲೆಗಳಿದ್ದರೆ ಅದೂ ಇಲ್ಲ. ದೋಣಿಯಿಂದ ದೂರ ಸರಿದವನಿಗೆ ದೋಣಿ ಕಾಣದು, ದೋಣಿಯವರಿಗೂ ಅವನ ತಲೆ ಕಾಣದು. ಗುಂಪನ್ನು ಬಿಡಬಾರದೆಂಬ ಕಟ್ಟಳೆ ಈ ಲೆಕ್ಕದಿಂದಲೇ ಹುಟ್ಟಿದೆ.

ತೇಲುವ ದೇಹ

ನೇತ್ರಾಣಿಯಲ್ಲಿ ದೋಣಿಯಿಂದಲೇ ನೀರಿಗಿಳಿಯುತ್ತಾರೆ. ಬಾವಿಯಲ್ಲಿ ಈಜಿದವನಿಗೆ ಇಳಿದೊಡನೆ ಒಂದು ಆಶ್ಚರ್ಯ: ಇಲ್ಲಿ ಮೈ ಹಗುರ! ಕಾರಣವು ಆರ್ಕಿಮಿಡೀಸನ ನಿಯಮದಲ್ಲಿದೆ. ನೀರಿನಲ್ಲಿ ಮುಳುಗಿದ ವಸ್ತುವನ್ನು, ಅದು ಪಲ್ಲಟಗೊಳಿಸಿದ ನೀರಿನ ತೂಕದಷ್ಟೇ ಬಲವು ಮೇಲಕ್ಕೆತ್ತುತ್ತದೆ. ಒಂದು ಲೀಟರು ಸಿಹಿನೀರಿನ ತೂಕ 1 ಕಿಲೋಗ್ರಾಂ. ಕಡಲನೀರಿನದು ಸುಮಾರು 1.025 ಕಿಲೋಗ್ರಾಂ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಲೋಟದ ನೀರಿನಲ್ಲಿ ಹೊಸ ಕೋಳಿಮೊಟ್ಟೆ ಮುಳುಗುತ್ತದೆ. ಉಪ್ಪು ಬೆರೆಸುತ್ತ ಹೋದರೆ ಅದೇ ಮೊಟ್ಟೆ ಮೇಲೇಳುತ್ತದೆ.

ಇನ್ನು 60 ಕಿಲೋಗ್ರಾಂ ತೂಕದ ಒಬ್ಬ ತರುಣನನ್ನು ತೆಗೆದುಕೊಳ್ಳೋಣ. ಎದೆ ತುಂಬ ಉಸಿರೆಳೆದಾಗ ಅವನ ದೇಹದ ಗಾತ್ರ 61 ಲೀಟರು, ಉಸಿರು ಬಿಟ್ಟಾಗ 58 ಲೀಟರು ಎಂದಿಟ್ಟುಕೊಳ್ಳೋಣ. ಉಸಿರು ತುಂಬಿದ್ದಾಗ ಅವನು ತೇಲುತ್ತಾನೆ. ಆದರೆ ಎಷ್ಟು ಭಾಗ ನೀರಿನ ಮೇಲೆ? ಸಿಹಿನೀರಿನಲ್ಲಿ 60 ಲೀಟರು ಮುಳುಗಿದರೆ ತೂಕ ಸರಿಹೋಗುತ್ತದೆ. ಮೇಲೆ ಉಳಿಯುವುದು 1 ಲೀಟರು. ಕಡಲಿನಲ್ಲಿ ಸುಮಾರು 58.5 ಲೀಟರು ಮುಳುಗಿದರೆ ಸಾಕು. ಮೇಲೆ ಉಳಿಯುವುದು ಎರಡೂವರೆ ಲೀಟರು. ಮನುಷ್ಯನ ತಲೆಯ ಗಾತ್ರ ಸುಮಾರು 4 ಲೀಟರು. ಆದುದರಿಂದ ಅವನು ನೀರಿನಲ್ಲಿ ನೆಟ್ಟಗೆ, ಅಲುಗಾಡದೆ ನಿಂತರೆ, ಕಡಲಿನಲ್ಲಿ ತಲೆಯ ಅರ್ಧಕ್ಕಿಂತ ಹೆಚ್ಚು ಭಾಗ ಮೇಲಿರುತ್ತದೆ. ನಮ್ಮ ಕೆರೆಯಲ್ಲಿ ನೆತ್ತಿ ಮಾತ್ರ ಮೇಲಿದ್ದು ಮೂಗು ನೀರಿನೊಳಗಿರುತ್ತದೆ! ಉಸಿರು ಬಿಟ್ಟನೆಂದರೆ ಎರಡು ಕಡೆಯಲ್ಲಿಯೂ ಮುಳುಗುತ್ತಾನೆ. ಆದರೆ ಕಡಲಿನಲ್ಲಿ ಕೊರತೆ ಅರ್ಧ ಕಿಲೋಗ್ರಾಂ, ಕೆರೆಯಲ್ಲಿ 2 ಕಿಲೋಗ್ರಾಂ.

ಈ ಲೆಕ್ಕದಿಂದ ಮೂರು ಮಾತುಗಳು ಹೊರಡುತ್ತವೆ. ಮೊದಲನೆಯದು, ಕಡಲಿನಲ್ಲಿ ತೇಲಿ ಬಂದವನು ತಾನು ಈಜು ಕಲಿತೆನೆಂದು ಭ್ರಮಿಸಿ ಕೆರೆಗೆ ಇಳಿಯಬಾರದು. ಅವನನ್ನು ಎತ್ತಿ ಹಿಡಿದದ್ದರಲ್ಲಿ ಉಪ್ಪಿನ ಪಾಲೂ ಇದ್ದಿತು. ಎರಡನೆಯದು, ದಣಿದಾಗ ನೆಟ್ಟಗೆ ನಿಲ್ಲದೆ ಅಂಗಾತ ಮಲಗಿ ತಲೆಯನ್ನು ಹಿಂದಕ್ಕೆ ಬಾಗಿಸಬೇಕು. ಆಗ ನೀರಿನ ಮೇಲೆ ಉಳಿಯುವ ಆ ಒಂದು ಲೀಟರು ನೆತ್ತಿಯಾಗದೆ ಮೂಗು ಬಾಯಿಗಳಾಗುತ್ತವೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಎರಡು ತೋಳುಗಳ ಗಾತ್ರ ಸುಮಾರು 6 ಲೀಟರು. ಹೆದರಿದವನು ಕೈಗಳನ್ನು ಮೇಲೆತ್ತಿ ಕೂಗುತ್ತಾನೆ. ಮೇಲಿರಲು ಸಾಧ್ಯವಿರುವುದೇ ಒಂದು ಲೀಟರು. ಅಲ್ಲಿಗೆ ಕೈಗಳನ್ನು ಎತ್ತಿದರೆ ತಲೆಯು ಒಳಗೆ ಹೋಗಲೇಬೇಕು. ಎತ್ತಿದ ಕೈಯೇ ಅವನನ್ನು ಮುಳುಗಿಸುತ್ತದೆ.

ನಮ್ಮ ಹಿರಿಯರು ಈಜು ಕಲಿಯುವ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟುತ್ತಿದ್ದರು. ದೋಣಿಯಲ್ಲಿ ಕೊಡುವ ಜೀವರಕ್ಷಕ ಕವಚವೂ ಅದೇ ತತ್ತ್ವದ್ದು. ಅದರಲ್ಲಿ 8 ಲೀಟರಿನಷ್ಟು ಹಗುರ ವಸ್ತುವಿದ್ದರೆ ಹತ್ತಿರಹತ್ತಿರ 8 ಕಿಲೋಗ್ರಾಂ ತೇಲಿಕೆ ಸಿಗುತ್ತದೆ. ಒಂದು ಲೀಟರಿನ ಬದಲು ಇಡೀ ತಲೆಯೂ ಹೆಗಲೂ ಮೇಲಿರುತ್ತವೆ. ಅದನ್ನು ತೊಡಲು ನಾಚುವವನು ಲೆಕ್ಕ ತಿಳಿಯದವನು.

ಕಣ್ಣಿನ ಮೋಸ

ನೀರಿನೊಳಗೆ ಬರಿಗಣ್ಣಿನಿಂದ ನೋಡಿದರೆ ಎಲ್ಲವೂ ಮಸುಕು. ಬೆಳಕನ್ನು ಬಾಗಿಸಿ ಬಿಂಬವನ್ನು ಮೂಡಿಸುವ ಕೆಲಸದ ಬಹುಪಾಲನ್ನು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವು ಮಾಡುತ್ತದೆ. ಅದರ ವಕ್ರೀಭವನಾಂಕವು ನೀರಿನದಕ್ಕೆ ಬಹಳ ಸಮೀಪ. ಆದುದರಿಂದ ನೀರು ತಾಗಿದೊಡನೆ ಆ ಪಟಲದ ಶಕ್ತಿ ಉಡುಗಿಹೋಗುತ್ತದೆ. ಮುಖವಾಡದ ಗಾಜು ಕಣ್ಣಿನ ಮುಂದೆ ತುಸು ಗಾಳಿಯನ್ನು ಕಾದಿಡುವುದರಿಂದ ನೋಟ ತಿಳಿಯಾಗುತ್ತದೆ. ಆದರೆ ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುತ್ತದೆ. ಅದರಿಂದ ನಾಲ್ಕು ಅಡಿ ದೂರದ ಮೀನು ಮೂರು ಅಡಿಯಲ್ಲಿರುವಂತೆ, ದೊಡ್ಡದಾಗಿ ಕಾಣುತ್ತದೆ. ಬಣ್ಣವೂ ಕಂಡಂತಲ್ಲ. ನೀರು ಕೆಂಪು ಬೆಳಕನ್ನು ಬೇಗ ಹೀರುತ್ತದೆ. ಕೆಲವು ಮೀಟರು ಇಳಿಯುವಷ್ಟರಲ್ಲಿ ಕೆಂಪು ವಸ್ತುಗಳು ಮಂಕಾಗಿ, ನೀಲಿ ಹಸಿರುಗಳೇ ಉಳಿಯುತ್ತವೆ.

ಇದೇ ವಕ್ರೀಭವನವು ದಡದ ಮೇಲೆ ನಿಂತವನನ್ನೂ ವಂಚಿಸುತ್ತದೆ. ಮೇಲಿನಿಂದ ನೇರವಾಗಿ ನೋಡಿದರೆ ನೀರಿನ ಆಳವು ನಿಜವಾದುದರ ಮುಕ್ಕಾಲು ಪಾಲಿನಷ್ಟೇ ತೋರುತ್ತದೆ; ಓರೆಯಾಗಿ ನೋಡಿದರೆ ಇನ್ನೂ ಕಡಮೆ. ಆರು ಅಡಿಯ ತಿಳಿನೀರು ನಾಲ್ಕೂವರೆ ಅಡಿಯಂತೆ ಕಾಣುತ್ತದೆ. ಐದೂವರೆ ಅಡಿಯ ಹುಡುಗನು ‘ನಿಲುಕುತ್ತದೆ’ ಎಂದು ಇಳಿದರೆ ಕಾಲು ನೆಲ ಮುಟ್ಟುವಾಗ ತಲೆಯು ಅರ್ಧ ಅಡಿ ಒಳಗಿರುತ್ತದೆ. ಆಳವನ್ನು ಕಣ್ಣಿನಿಂದಲ್ಲ, ಕೋಲಿನಿಂದ ಅಳೆಯಬೇಕು.

ಉಸಿರುಗೊಳವೆ

ಮುಖವನ್ನು ನೀರಿನಲ್ಲಿಟ್ಟುಕೊಂಡೇ ಉಸಿರಾಡಲು ಬಾಯಿಗೆ ಒಂದು ಬಾಗಿದ ಕೊಳವೆಯನ್ನು ಕೊಡುತ್ತಾರೆ. ಇದಕ್ಕೆ ಸ್ನಾರ್ಕೆಲ್ ಎಂದು ಹೆಸರು. ಉದ್ದ ಸುಮಾರು 40 ಸೆಂಟಿಮೀಟರು. ‘ಇದನ್ನು ಎರಡು ಮೀಟರು ಉದ್ದ ಮಾಡಿದರೆ ತಳದಲ್ಲೇ ನಡೆದಾಡಬಹುದಲ್ಲ?’ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಸಾಧ್ಯವಿಲ್ಲ; ಕಾರಣಗಳು ಎರಡು.

ನೀರಿನಲ್ಲಿ ಒಂದು ಮೀಟರು ಇಳಿದರೆ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೂ 100 ಗ್ರಾಂ ತೂಕದಷ್ಟು ಒತ್ತಡ ಹೆಚ್ಚುತ್ತದೆ. ಎದೆಯ ವಿಸ್ತಾರ 1000 ಚದರ ಸೆಂಟಿಮೀಟರು ಎಂದರೆ ಒಟ್ಟು ಹೊರೆ 100 ಕಿಲೋಗ್ರಾಂ. ಕೊಳವೆಯೊಳಗಿನ ಗಾಳಿಯ ಒತ್ತಡವಾದರೋ ಮೇಲಿನ ಗಾಳಿಯದೇ. ಒಂದು ಮೂಟೆ ಅಕ್ಕಿಯನ್ನು ಎದೆಯ ಮೇಲಿಟ್ಟುಕೊಂಡು ಉಸಿರೆಳೆಯಬಲ್ಲವರು ಯಾರು? ಮುಖ ಕೆಳಗಾಗಿ ಮೇಲ್ಮೈಯಲ್ಲಿ ತೇಲುವವನ ಎದೆಯು ಒಂದು ಗೇಣು ಆಳದಲ್ಲಿರುವುದರಿಂದ 20 ಕಿಲೋಗ್ರಾಂ ಹೊರೆಯನ್ನು ಹೇಗೋ ನಿಭಾಯಿಸುತ್ತಾನೆ.

ಎರಡನೆಯ ಕಾರಣ, ಬಿಟ್ಟ ಉಸಿರು ಕೊಳವೆಯಲ್ಲೇ ಉಳಿಯುವುದು. ಎರಡು ಸೆಂಟಿಮೀಟರು ವ್ಯಾಸದ, 40 ಸೆಂಟಿಮೀಟರು ಉದ್ದದ ಕೊಳವೆಯಲ್ಲಿ ಸುಮಾರು 125 ಘನ ಸೆಂಟಿಮೀಟರು ಗಾಳಿ ಹಿಡಿಯುತ್ತದೆ. ಎರಡು ಮೀಟರಿನ ಕೊಳವೆಯಲ್ಲಿ 630. ನಾವು ಸಹಜವಾಗಿ ಒಮ್ಮೆ ಎಳೆಯುವ ಗಾಳಿ ಸುಮಾರು 500 ಘನ ಸೆಂಟಿಮೀಟರು. ಎಂದ ಮೇಲೆ ಉದ್ದ ಕೊಳವೆಯವನು ತಾನು ಬಿಟ್ಟ ಉಸಿರನ್ನೇ ಮತ್ತೆ ಮತ್ತೆ ಎಳೆಯುತ್ತಾನೆ. ಹೊಸ ಗಾಳಿ ಅವನನ್ನು ಮುಟ್ಟುವುದೇ ಇಲ್ಲ. ಗಿಡ್ಡ ಕೊಳವೆಯಲ್ಲಿಯೂ ಉಸಿರು ದೀರ್ಘವಾಗಿ, ನಿಧಾನವಾಗಿ ಇರಬೇಕೆಂಬುದಕ್ಕೆ ಇದೇ ಕಾರಣ.

ತಡೆದ ಉಸಿರು

ಕೊಳವೆಯಿಂದ ತೃಪ್ತರಾಗದವರು ಉಸಿರು ಕಟ್ಟಿ ಕೆಳಗೆ ಮುಳುಗುತ್ತಾರೆ. ಹೆಚ್ಚು ಹೊತ್ತು ಇರಬೇಕೆಂಬ ಹಟದಿಂದ ಮೊದಲು ಹತ್ತಿಪ್ಪತ್ತು ಸಲ ಜೋರಾಗಿ ಉಸಿರೆಳೆದು ಬಿಡುವ ಅಭ್ಯಾಸ ಕೆಲವರಲ್ಲಿದೆ. ಇದಕ್ಕಿಂತ ಅಪಾಯಕರವಾದುದು ಇನ್ನೊಂದಿಲ್ಲ. ‘ಉಸಿರಾಡು’ ಎಂದು ನಮ್ಮನ್ನು ಒತ್ತಾಯಿಸುವುದು ಮುಖ್ಯವಾಗಿ ಆಮ್ಲಜನಕದ ಕೊರತೆಯಲ್ಲ, ರಕ್ತದಲ್ಲಿ ಕೂಡುವ ಇಂಗಾಲದ ಡೈಆಕ್ಸೈಡು. ಜೋರು ಉಸಿರಾಟವು ಆಮ್ಲಜನಕವನ್ನು ಅಷ್ಟೇನೂ ಹೆಚ್ಚಿಸುವುದಿಲ್ಲ. ಇಂಗಾಲದ ಡೈಆಕ್ಸೈಡನ್ನು ಮಾತ್ರ ಹೊರಹಾಕುತ್ತದೆ. ಎಂದರೆ ಎಚ್ಚರಿಕೆಯ ಗಂಟೆಯ ನಾಲಗೆಯನ್ನೇ ಕಿತ್ತಂತಾಯಿತು.

ಕಡಲಿನಲ್ಲಿ 10 ಮೀಟರು ಆಳಕ್ಕೆ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚಿ ಒಟ್ಟು ಎರಡು ವಾಯುಭಾರವಾಗುತ್ತದೆ. ಅಲ್ಲಿ ಮುಳುಗಿದವನ ಶ್ವಾಸಕೋಶದಲ್ಲಿ ಆಮ್ಲಜನಕದ ಪಾಲಿನ ಒತ್ತಡವು ಒಂದು ವಾಯುಭಾರದ ಹತ್ತರಲ್ಲಿ ಒಂದರಷ್ಟು ಉಳಿದಿದೆಯೆನ್ನೋಣ. ಅವನಿಗೆ ಎಚ್ಚರವಿದೆ. ಮೇಲೇರಿದಂತೆ ಬಾಯ್ಲನ ನಿಯಮದಂತೆ ಎದೆಯ ಗಾಳಿ ಹಿಗ್ಗಿ ಆ ಒತ್ತಡವು ಇಪ್ಪತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಮೇಲ್ಮೈಗೆ ಇನ್ನೇನು ಬಂದನೆನ್ನುವಾಗ, ಯಾವ ಸೂಚನೆಯೂ ಇಲ್ಲದೆ, ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜಬಲ್ಲವರೇ ಹೀಗೆ ಸಾಯುತ್ತಾರೆ. ಕೆರೆಯಲ್ಲಿ ‘ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ’ ಎಂದು ಪಂದ್ಯ ಕಟ್ಟುವವರಿಗೂ ಇದೇ ಅಪಾಯ. ಆಳವಿಲ್ಲದಿದ್ದರೂ ಗಂಟೆ ಬಾರಿಸದೇ ಹೋದೀತು.

ಮಾರಿಕಣಿವೆಯಲ್ಲಿ

ಕಡಲಿಗೆ ಹೋಗುವುದು ವರ್ಷಕ್ಕೊಮ್ಮೆ. ನಮ್ಮ ಜಿಲ್ಲೆಯ ನೀರು ಪ್ರತಿದಿನದ್ದು. ಹಿರಿಯೂರಿನ ಸಮೀಪ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಅಣೆಕಟ್ಟಿನಿಂದ ವಾಣಿವಿಲಾಸ ಸಾಗರವು ನಿರ್ಮಿತವಾಯಿತು. ಇದರ ಪೂರ್ಣಮಟ್ಟ 130 ಅಡಿ. 1933ರಲ್ಲಿ ಕೋಡಿ ಹರಿದ ಈ ಜಲಾಶಯವು ಮತ್ತೆ ಕೋಡಿ ಹರಿದದ್ದು 89 ವರ್ಷಗಳ ಅನಂತರ, 2022ರಲ್ಲಿ. ಎರಡು ಮೂರು ತಲೆಮಾರಿನವರು ಒಣನೆಲವೆಂದು ಬಲ್ಲ ಇಳಿಜಾರುಗಳನ್ನು ನೀರು ಆಗ ಹೊಕ್ಕಿತು. ಇದು ಬಯಲಿನ ಕೆರೆಯಲ್ಲ, ಬೆಟ್ಟಗಳ ನಡುವಣ ಕಣಿವೆ. ದಡದಿಂದ ನಾಲ್ಕು ಹೆಜ್ಜೆ ಇಟ್ಟ ಕಡೆ ಮೊಣಕಾಲುದ್ದವಿದ್ದ ನೀರು ಐದನೆಯ ಹೆಜ್ಜೆಗೆ ಆಳೆತ್ತರವಾಗಬಹುದು. ಇಲ್ಲಿ ಉಪ್ಪಿನ ನೆರವಿಲ್ಲ, ದೋಣಿಯವನ ಗದರಿಕೆಯಿಲ್ಲ, ಕವಚವಿಲ್ಲ. ನಿಯಮಗಳು ಮಾತ್ರ ನೇತ್ರಾಣಿಯವೇ.

ಯಾರಾದರೂ ಮುಳುಗುತ್ತಿರುವುದನ್ನು ಕಂಡಾಗ, ತರಬೇತಿಯಿಲ್ಲದವನು ನೀರಿಗೆ ಹಾರಬಾರದು. ಹೆದರಿದವನು ಸಿಕ್ಕಿದ್ದನ್ನೇ ತಬ್ಬುತ್ತಾನೆ. ಒಬ್ಬನ ಬದಲು ಇಬ್ಬರು ಹೋಗುತ್ತಾರೆ. ಹಗ್ಗ, ಸೀರೆ, ಉದ್ದನೆಯ ಗಳು, ಇವನ್ನು ದಡದ ಮೇಲೆ ಮಲಗಿಕೊಂಡೇ ಚಾಚಬಹುದು. ಏನೂ ಇಲ್ಲದಿದ್ದರೆ ಮುಚ್ಚಳ ಬಿಗಿದ ಖಾಲಿ ಎಣ್ಣೆಯ ಡಬ್ಬ ಸಾಕು. ಹತ್ತು ಲೀಟರಿನ ಖಾಲಿ ಡಬ್ಬವು ಸುಮಾರು 10 ಕಿಲೋಗ್ರಾಂ ಭಾರವನ್ನು ಎತ್ತಿ ಹಿಡಿಯುತ್ತದೆ. ನಮ್ಮ ತರುಣನ ಕೊರತೆ ಎಷ್ಟಿದ್ದಿತು? ಉಸಿರೆಲ್ಲ ಬಿಟ್ಟಾಗಲೂ 2 ಕಿಲೋಗ್ರಾಂ ಮಾತ್ರ. ಕೆರೆಗೋ ಜಲಾಶಯಕ್ಕೋ ಹೊರಡುವ ಗುಂಪಿನಲ್ಲಿ ಬುತ್ತಿಯ ಜೊತೆಗೆ ಅಂತಹ ಒಂದು ಡಬ್ಬವೂ ಹತ್ತು ಮಾರು ಹಗ್ಗವೂ ಇರಲಿ.